ಬಸಪ್ಪನ ಹಲ್ಲೂ ನನ್ನ ದವಡೆಯೂ

ವಯಸ್ಸಾದಂತೆ ಅಸೂಯೆ ತಣ್ಣಗಾಗುತ್ತದೆಂದು ಎಲ್ಲೋ ಓದಿದ್ದೆ. ಓದಿದ್ದನ್ನು ಪರೀಕ್ಷಿಸದೆ ನಂಬುವ ಅಭ್ಯಾಸ ನನಗಿಲ್ಲ. ಪರೀಕ್ಷಿಸಿದೆ, ಸುಳ್ಳೆಂದು ತಿಳಿಯಿತು. ತಲೆ ಪೂರ್ತಿ ನರೆತ ಮೇಲೆ ನಾನು ಇನ್ನೊಬ್ಬನ ಹುಳುಕು ಹಲ್ಲನ್ನು ಕಂಡು ಹೊಟ್ಟೆ ಉರಿಸಿಕೊಂಡೆ.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೋಹಕ್ಕೆ ರಂಧ್ರ ಕೊರೆಯುತ್ತ ನಿವೃತ್ತನಾದವನು ನಾನು. ಶಾಲೆ ಬೇಗನೆ ಕೈಬಿಟ್ಟರೂ ಫುಟ್‌ಪಾತಿನ ಪುಸ್ತಕಗಳು ಕೈಬಿಡಲಿಲ್ಲ. ಲಗ್ಗೆರೆಯ ಮಂಜಣ್ಣನ ಟೀ ಅಂಗಡಿಯ ಬೆಂಚಿನಲ್ಲಿ, ಗ್ರಹಣದಿಂದ ಹಿಡಿದು ಬೋರ್‌ವೆಲ್‌ವರೆಗೆ ಏನನ್ನು ವಿವರಿಸಬೇಕಾದರೂ ಜನ ನನ್ನತ್ತ ತಿರುಗುತ್ತಿದ್ದರು. ನಾನು ಸಂಪಾದಿಸಿದ ಮರ್ಯಾದೆ ಅದೊಂದೇ. ವಿಜಾಪುರದ ಕಡೆಯಿಂದ ಬಂದು ಪಕ್ಕದ ಗೋದಾಮನ್ನು ಕಾಯುತ್ತಿದ್ದ ಬಸಪ್ಪ, ತನ್ನ ಮುಂದಿನ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡು ಬಂದು, ಒಂದೇ ಬೆಳಿಗ್ಗೆ ಆ ಮರ್ಯಾದೆಯನ್ನು ನನ್ನಿಂದ ಕಿತ್ತುಕೊಂಡ.

“ಹಲ್ಲಿನ ಒಳಗ ಒಂದ್ ಕಾಲುವಿ ಇರ್ತೈತ್ರಿ. ಅದರಾಗ ನರ ಕೊಳತು ಕೀವಾಗಿತ್ತು. ಎಲ್ಲಾ ಬಳದು, ತೊಳದು, ಮಸಾಲಿ ತುಂಬಿ ಟೊಪಗಿ ಹಾಕ್ಯಾರ್ರಿ!” ಎಂದು ತುಟಿ ಎತ್ತಿ ತೋರಿಸಿದ. ಬೆಂಚಿಗೆ ಬೆಂಚೇ ಅವನತ್ತ ಬಾಗಿತು.

“ನರ ತೆಗೆದ್ಮೇಲೆ ಹಲ್ಲು ಹೆಣ ಕಣಯ್ಯ. ಹೆಣಕ್ಕೆ ಯಾರಾದ್ರೂ ಟೋಪಿ ಹಾಕ್ತಾರಾ?” ಎಂದೆ.

“ಹೆಣ ಚಕ್ಕುಲಿ ಕಡೀತೈತೇನ್ರಿ, ಸರ?” ಎಂದವನೇ ಕಟಕ್ಕನೆ ಕಡಿದ.

“ಸಕ್ಕತ್ ಗುರು!” ಎಂದ ಮಂಜಣ್ಣ. ನನ್ನ ಗ್ರಹಣಕ್ಕೆ ಅವನೆಂದೂ ಹಾಗೆಂದವನಲ್ಲ.

ಆ ಕಟಕ್ ಶಬ್ದ ನೇರವಾಗಿ ನನ್ನ ಎಡದವಡೆಗೆ ನಾಟಿತು. ಏಕೆಂದರೆ ಅಲ್ಲಿಯೂ ಒಂದು ಹಲ್ಲು ಬಹಳ ದಿನಗಳಿಂದ ಮಿಡಿಯುತ್ತಿತ್ತು. ನಾನು ಗುಟ್ಟಾಗಿ ಲವಂಗ ಒತ್ತಿಕೊಂಡು, ರೂಟ್ ಕೆನಾಲೆಂಬುದು ದಂತವೈದ್ಯರ ಕಟ್ಟುಕಥೆಯೆಂದು ಬಹಿರಂಗವಾಗಿ ಸಾರುತ್ತಿದ್ದೆ. ಕೆನ್ನೆ ಇಡ್ಲಿಯಂತೆ ಉಬ್ಬಿದ ದಿನ ಕಟ್ಟುಕಥೆಯ ಬಾಗಿಲಿಗೇ ಹೋಗಬೇಕಾಯಿತು.

“ಒಳಗಿನ ನರ ಸತ್ತೋಗಿದೆ ಅಂಕಲ್, ಸೋಂಕು ಬೇರಿನ ತುದಿಗಿಳಿದಿದೆ,” ಎಂದರು ಡಾಕ್ಟರಮ್ಮ. “ಹಲ್ಲನ್ನ ಹಿಡಿದಿರೋದು ಸುತ್ತಲಿನ ಮೂಳೆ, ನರ ಅಲ್ಲ. ಒಳಗೆ ಕ್ಲೀನ್ ಮಾಡಿ ಮುಚ್ಚಿದ್ರೆ ಹಲ್ಲು ಉಳಿಯುತ್ತೆ.”

ನಂಬಲಿಲ್ಲ. ಆದರೆ ಅವರು ಎಕ್ಸ್‌ರೇ ನೋಡಿ ಬೇರಿನ ಆಳ ಲೆಕ್ಕ ಹಾಕಿ, ಒಳಗನ್ನು ಉಜ್ಜುವ ಕೂದಲಿನಷ್ಟು ಸಣ್ಣ ಅರದ ಕಡ್ಡಿಗೆ, ಅದಕ್ಕಿಂತ ಆಳ ಇಳಿಯದಂತೆ, ಅಷ್ಟೇ ಉದ್ದಕ್ಕೆ ರಬ್ಬರಿನ ತಡೆ ಸರಿಸಿದ್ದನ್ನು ಕಂಡೆ. ಆಳ ಅಳೆಯದೆ ಕೊರೆಯಲೊಪ್ಪದವರು ಸುಳ್ಳು ಹೇಳಲಾರರು. ಬಾಯಿ ತೆರೆಯುವ ಮುನ್ನ ಒಂದೇ ಪ್ರಶ್ನೆ ಕೇಳಿದೆ: “ನನ್ನ ಹಲ್ಲಲ್ಲಿ ಎಷ್ಟು ಕಾಲುವೆ?”

“ದವಡೆ ಹಲ್ಲಲ್ವಾ ಅಂಕಲ್, ಮೂರು.”

ಮೂರು! ಬಸಪ್ಪನದು ಒಂದೇ. ಸೂಜಿ ಚುಚ್ಚಿದ್ದೇ ತಿಳಿಯಲಿಲ್ಲ.

ಅಲ್ಲಿಂದ ನೆಟ್ಟಗೆ ಬೆಂಚಿಗೆ ಬಂದೆ. “ಏನಾಯ್ತು ಸಾರ್, ಹೇಳಿ!” ಎಂದ ಮಂಜಣ್ಣ. ಎಲ್ಲರೂ ನನ್ನತ್ತ ತಿರುಗಿದರು. ಬಾಯಿ ತೆರೆದೆ, ಮರಗಟ್ಟಿದ ತುಟಿಯಿಂದ ಜೊಲ್ಲಿನ ಹೊರತು ಏನೂ ಹೊರಡಲಿಲ್ಲ.

“ಸರಗ ಮಾತಾಡಸಬ್ಯಾಡ್ರಪ್ಪ, ಅರ್ಧ ಮಾರಿ ಜೋಮ್ ಹಿಡದೈತಿ. ನಾ ಹೇಳ್ತೀನಿ,” ಎಂದು ಬಸಪ್ಪ ಎದ್ದುನಿಂತ. “ಸರ್ ಹಲ್ಲಿನಾಗೂ ನನ್ನಂಗ ಒಂದ ಕಾಲುವಿ...”

ತಡೆಯಲಾರದೆ ಮೂರು ಬೆರಳೆತ್ತಿ ಅವನ ಮುಖಕ್ಕೆ ಹಿಡಿದೆ.

“ಮೂರು ಟೀನಾ ಸಾರ್? ತಂದೆ!” ಎಂದ ಮಂಜಣ್ಣ.

ಲೋಟಗಳು ಬಂದವು. “ಬಿಸೀದು ಕುಡೀಬ್ಯಾಡ್ರಿ ಸರ, ತುಟಿ ಸುಟ್ರೂ ನಿಮಗ ಗೊತ್ತಾಗೂದಿಲ್ಲ,” ಎಂದು ಬಸಪ್ಪ ನನ್ನ ಟೀಯನ್ನು ಅಕ್ಕರೆಯಿಂದ ತನ್ನೆಡೆಗೆ ಎಳೆದುಕೊಂಡು, ಅದನ್ನು ಹೀರುತ್ತ, ನನ್ನ ಹಲ್ಲಿನ ವಿವರಣೆಯನ್ನು ಮುಂದುವರಿಸಿದ.