ಬಿಸಿಲಿಗಿಟ್ಟ ಚಿತ್ರ

ಗಯಾಸ ಮಾಡಿದ ತಪ್ಪು ಇಷ್ಟೇ: ಇನ್ನೂ ಹಸಿಯಿದ್ದ ತನ್ನ ದೊಡ್ಡ ಚಿತ್ರವನ್ನು ಮನೆಯ ಮುಂದಿನ ಗೋಡೆಗೆ ಒರಗಿಸಿ ಬಿಸಿಲಿಗಿಟ್ಟ. ಅದೂ ಸುರಪುರದಲ್ಲಿ ನಗರಸಭೆ ಚುನಾವಣೆ ನಡೆಯುತ್ತಿದ್ದಾಗ.

ಚಿತ್ರದಲ್ಲಿ ಗಿಡವಿಲ್ಲ, ಮನುಷ್ಯರಿಲ್ಲ, ಬರೀ ಬಣ್ಣ. ಗಯಾಸನ ಅಪ್ಪ ರಂಗಂಪೇಟೆಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದವನು. "ಬಣ್ಣ ಬಳಿಯೂದಲ್ಲ ಬೇಟಾ, ಕುಡಿಸೂದು" ಎನ್ನುತ್ತಿದ್ದ. ಮೂವತ್ತು ವರ್ಷದಿಂದ ಗಯಾಸನೂ ಕ್ಯಾನ್ವಾಸಿಗೆ ಅದನ್ನೇ ಮಾಡುತ್ತ ಬಂದಿದ್ದ: ಒಂದು ಬಣ್ಣ ಕುಡಿಸಿ, ಅದು ಸುಮ್ಮನಾಗುವವರೆಗೆ ಕಾದು, ಇನ್ನೊಂದನ್ನು ತರುವುದು. ಮೂರು ತಿಂಗಳ ಹಿಂದೆ ಅಪ್ಪ ತೀರಿಕೊಂಡ. ಮೈ ತೊಳೆದರೂ ಉಗುರಿನ ನೀಲಿ ಹೋಗಲಿಲ್ಲ. ಆ ದುಃಖದಲ್ಲಿ ಮಾಡಿದ ಚಿತ್ರವಿದು. ಮೇಲೆ ಅಪ್ಪನ ಬಣ್ಣದ ಹಂಡೆಯ ಕೇಸರಿ, ನಡುವೆ ಸೀರೆಯಂಚಿನ ಹಸಿರು, ಕೆಳಗೆ ಆ ಉಗುರಿನ ನೀಲಿ. ಹನ್ನೊಂದು ವರ್ಷ ಚಿತ್ರ ಕಳಿಸಿದ ಮೇಲೆ ಮೊದಲ ಸಲ ಕಲಬುರಗಿಯ ಪ್ರದರ್ಶನದವರು ಇದನ್ನು ಒಪ್ಪಿದ್ದರು. ಅಂದು ಸಂಜೆ ಐದಕ್ಕೆ ಅವರ ಗಾಡಿ ಬರುವುದಿತ್ತು.

ಎದುರಿನ ಕಿರಾಣಿ ಅಂಗಡಿಯ ಸಂಗಣ್ಣ ಮೊದಲು ಬಂದ.

"ಏನ್ರಿ ಗಯಾಸಣ್ಣ, ಝಂಡಾ ಹಚ್ಚೀರಿ?"

"ಝಂಡಾ ಅಲ್ರಿ, ಚಿತ್ರ."

"ಚಿತ್ರ ಅಂದ್ರ ಕಣ್ಣು ಮೂಗು ಇರಬೇಕಲ್ಲ? ಇರ್ಲಿ. ಆದ್ರ ಹಸರು ನಟ್ಟನಡುವ ಕುಂತದ. ನಾ ಏನೂ ಅನ್ನಂಗಿಲ್ಲ. ಮಂದಿ ಅಂತಾರ."

ಅವನ ಬೆನ್ನಿಗೇ ದರ್ಜಿ ಸುಲ್ತಾನಸಾಬ ಬಂದ. ದಖ್ಖನಿಯಲ್ಲಿ ಶುರು ಮಾಡಿ, ಸಂಗಣ್ಣನಿಗೂ ಕೇಳಲೆಂದು ಕನ್ನಡಕ್ಕೆ ಇಳಿದ: "ಗಯಾಸಮಿಯ್ಯಾ, ಕೇಸರಿ ತಲಿಮ್ಯಾಗ ಯಾಕ ಕುಂದ್ರಿಸಿದಿ? ಕೇಳಿದವ್ರಿಗೆ ನಾ ಏನು ಜವಾಬು ಕೊಡ್ಲಿ?"

ಅಂಗನವಾಡಿಯ ಸುಕನ್ಯಾ ಮಾತ್ರ ಮೆಲ್ಲಗೆ ಹೇಳಿದಳು: "ಎಲ್ಲಾರೂ ನಮ್ಮ ನೀಲಿ ಕೆಳಗs ಇಡ್ತಾರ. ನೀವೂ ಇಟ್ರಿ."

ಇಡೀ ಚಿತ್ರ ನಿಂತಿರುವುದೇ ಆ ನೀಲಿಯ ಮೇಲೆ ಎಂದು ಹೇಳಲು ಗಯಾಸ ಬಾಯಿ ತೆರೆದ. ಅಷ್ಟರಲ್ಲಿ ಓಣಿ ತುಂಬ ಮಂದಿ ಸೇರಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಂತಾಗಿತ್ತು. ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಹೆಡ್ ಕಾನ್‌ಸ್ಟೇಬಲ್ ಜೀಪಿನಿಂದ ಇಳಿದ.

"ನೀತಿ ಸಂಹಿತಿ ಜಾರಿ ಐತಿ. ಬಣ್ಣ ಅಳಸ್ತೀರೋ, ಜಪ್ತಿ ಮಾಡ್ಲೋ?"

ಜಪ್ತಿಯಾದರೆ ಕಲಬುರಗಿಯೂ ಇಲ್ಲ. ಗಯಾಸ ಬಟ್ಟೆಗೆ ಟರ್ಪೆಂಟೈನ್ ಹಾಕಿ, ಹಸಿರನ್ನಷ್ಟೇ ತುಸು ತಗ್ಗಿಸಹೋದ. ಎಣ್ಣೆಬಣ್ಣ ಹಸಿಯಿತ್ತು, ಹಸಿರು ನೀಲಿಗೆ ಜಾರಿತು, ಕೇಸರಿ ಹಸಿರಿಗೆ. ಒರೆಸಿದಷ್ಟೂ, ಸಂತೆಯಲ್ಲಿ ಕೈಬಿಟ್ಟ ಕುರಿಗಳಂತೆ ಬಣ್ಣಗಳು ಒಂದರೊಳಗೊಂದು ನುಗ್ಗಿದವು. ತಾಸಿನಲ್ಲಿ ಚಿತ್ರವೆಲ್ಲ ಬೂದಿ ಬಣ್ಣ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮಸರತ, "ಅಬ್ಬಾನ್ನ ಎರಡನೇ ಸಲ ಮಣ್ಣು ಮಾಡಿದಂಗಾತು" ಎಂದು ಒಳಗೆ ಹೋದಳು.

ಓಣಿಗೆ ಮಾತ್ರ ಸಮಾಧಾನವಾಯಿತು. "ಈಗ ಯಾರ್ದೂ ತಕರಾರಿಲ್ಲ" ಎಂದ ಸಂಗಣ್ಣ. ಸುಲ್ತಾನಸಾಬ ಚಹಾ ತರಿಸಿದ. ಗಯಾಸ ಲೋಟ ಪಕ್ಕಕ್ಕಿಟ್ಟ. ಆದರೂ ಆ ಬೂದಿಯನ್ನು ನೋಡುತ್ತ ಕುಳಿತಂತೆ, ಸಾವಿಗೂ ಇದೇ ಬಣ್ಣವಿದ್ದೀತು, ಇದನ್ನೇ ಕಳಿಸಿದರಾಯಿತು ಅನ್ನಿಸಿತು.

ನಾಲ್ಕೂವರೆಗೆ ಧ್ವನಿವರ್ಧಕ ಕಟ್ಟಿದ ಆಟೋ ಓಣಿಗೆ ಬಂತು. ವಾರ್ಡಿನ ಪಕ್ಷೇತರ ಅಭ್ಯರ್ಥಿ ವಿಶ್ವಾರಾಧ್ಯ ಪ್ರಚಾರಕ್ಕೆ ಹೊರಟಿದ್ದ. ಚಿತ್ರ ಕಂಡದ್ದೇ ಚಲಿಸುವ ಆಟೋದಿಂದ ಧುಮುಕಿದ.

"ಸಿಕ್ತು! ಇದ್ದ ಬಣ್ಣ ಎಲ್ಲಾ ಪಕ್ಷದವ್ರು ಹಂಚ್ಕೊಂಡಾರ. ನನಗ ಒಂದೂ ಉಳದಿದ್ದಿಲ್ಲ. ಎಂಥಾ ಬಣ್ಣ ಮಾಡೀರಿ ಸಾಹೇಬ್ರ!"

ಗಯಾಸ ಬೇಡವೆನ್ನುವಷ್ಟರಲ್ಲಿ ಕೊರಳಿಗೆ ಹಾರ ಬಿತ್ತು, ಫೋಟೋ ಆಯಿತು. "ನಮ್ಮ ಬಣ್ಣ, ಬೂದಿ ಬಣ್ಣ! ಕಲಾವಿದ ಗಯಾಸ ಅವರ ಬೆಂಬಲ ನಮಗೆ!" ಎಂದು ಆಟೋ ಕೂಗುತ್ತ ಹೋಯಿತು. ಸಂಗಣ್ಣ, ಸುಲ್ತಾನಸಾಬ, ಸುಕನ್ಯಾ ಮೂವರೂ ಅಂದು ಮೊದಲ ಸಲ ಒಂದೇ ಬಾಯಲ್ಲಿ ಹೇಳಿದರು: "ಮೋಸ ಮಾಡಿದಿ."

ಆ ಕೂಗು ಕೇಳಿ ಜೀಪು ತಿರುಗಿ ಬಂತು. ಐದಕ್ಕೆ ಬಂದ ಕಲಬುರಗಿಯ ಗಾಡಿ ಪೊಲೀಸರನ್ನು ಕಂಡು ನಿಧಾನಿಸಿ, ಮತ್ತೆ ವೇಗ ಹಿಡಿದು ಹೋಗಿಯೇಬಿಟ್ಟಿತು.

ಚಿತ್ರವನ್ನು ಜೀಪಿಗೆ ಏರಿಸಿ ಹೆಡ್ ಕಾನ್‌ಸ್ಟೇಬಲ್ ಕಾಗದ ತೆಗೆದ.

"ಹೆಸರು?"

"ಗಯಾಸ."

"ಪಕ್ಷ?"

"ಯಾವ ಪಕ್ಷಾನೂ ಇಲ್ರಿ."

"ಮತ್ತ ವಿಶ್ವಾರಾಧ್ಯಂದೂ ಅದs ಅಲ್ಲೇನು?" ಎನ್ನುತ್ತ ಅವನು ‘ಪಕ್ಷೇತರ’ ಎಂದು ಬರೆದುಕೊಂಡ.