ಬಿರುಕು ಬಿಡದ ಕೊರಡು

ಹಾಲು ಕಾಯಿಸುವ ಒಲೆಯ ಮೇಲೆ ಮೇಣ ಕಾಯಿಸಬಾರದು ಎಂದು ಸೀತಮ್ಮನವರು ಮಗನಿಗೆ ಹೇಳಿದ್ದೇ ಎಲ್ಲಕ್ಕೂ ಮೂಲವಾಯಿತು. ಅಷ್ಟು ಹೇಳಿ, ಜ್ವರದ ಮಾತ್ರೆ ನುಂಗಿ, ಅವರು ಒಳಗೆ ಹೋಗಿ ಮಲಗಿಬಿಟ್ಟರು.

ಗೋಪೀನಾಥನಿಗೆ ಕಾಯುವ ಹಾಗಿರಲಿಲ್ಲ. ಹೇರೋಹಳ್ಳಿಯಲ್ಲಿ ಯಾರೋ ಮನೆ ಕಟ್ಟಲೆಂದು ಬೆಳಗ್ಗೆ ಕಡಿಸಿದ ಹಾಲೆ ಮರದ ಕೊರಡುಗಳನ್ನು ಕೇಳಿ ಪಡೆದು, ಆಟೋದಲ್ಲಿ ನಂದಿನಿ ಲೇಔಟಿಗೆ ತಂದಿದ್ದ. ಗೊಂಬೆ ಕಡೆಯುವವರು ಇಷ್ಟಪಡುವ ಮರ ಅದು. ಮಗಳು ಅಪೂರ್ವಳಿಗೆ ಮಗುವಾಗಿತ್ತು. ಅದು ಎದ್ದು ಓಡಾಡುವ ಹೊತ್ತಿಗೆ ತಾನೇ ಕಡೆದ ಗಿಲಕಿಯೊಂದನ್ನು ಅದರ ಕೈಗಿಡಬೇಕು ಎಂಬುದೊಂದೇ ಅವನ ಆಸೆ. ಹಿಂದೆ ತಂದ ಮರವೆಲ್ಲ ಒಡೆದ ಹಿಮ್ಮಡಿಯ ಹಾಗೆ ಸೀಳಿಹೋಗಿತ್ತು. ಹಸಿ ಕೊರಡಿನ ಎರಡೂ ತುದಿಗೆ ಕಡಿದ ದಿನವೇ ಬಿಸಿ ಮೇಣ ಬಳಿದರೆ ಒಳಗಿನ ನೀರು ನಿಧಾನವಾಗಿ ಆರುತ್ತದೆ, ಮರ ಬಿರಿಯುವುದಿಲ್ಲ ಎಂದು ಆಮೇಲೆ ಕಲಿತಿದ್ದ.

ಹಾಗಾಗಿ ಗೇಟಿನ ಮುಂದೆ ಕಲ್ಲು ಹೂಡಿ, ಬೆಂಕಿ ಮಾಡಿ, ಹಳೇ ಪಾತ್ರೆಯಲ್ಲಿ ಮೇಣ ಕಾಯಿಸತೊಡಗಿದ. ಅಂಗಿ ಹಾಳಾದೀತೆಂದು ಬಿಚ್ಚಿಟ್ಟು, ಬಿಳೀ ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದ. ಹೊಗೆಗೆ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಮನೆ ಮುಂದೆ ಬೀದಿಯಲ್ಲಿ ಬೆಂಕಿ, ಪಕ್ಕದಲ್ಲಿ ಸೌದೆ, ಬರಿಮೈಯಲ್ಲಿ ಅಳುತ್ತಿರುವ ಮಗ. ಇಷ್ಟು ಕಂಡ ಮೇಲೆ ಸಾವಾಯಿತೇ ಎಂದು ಬಾಯಿಬಿಟ್ಟು ಕೇಳುವ ರೂಢಿ ನಮ್ಮಲ್ಲಿಲ್ಲ. ಎದುರು ಮನೆಯ ಸಂಪತ್ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಚಪ್ಪಲಿ ಬಿಟ್ಟು, ಗೋಪೀನಾಥನ ಭುಜವನ್ನೊಮ್ಮೆ ಅದುಮಿದ. ಆಮೇಲೆ ದೂರ ಹೋಗಿ ಫೋನ್ ಹಿಡಿದ.

ಮೇಣ ಗಟ್ಟಿಯಾಗುವುದರೊಳಗೆ ಬಳಿಯಬೇಕಿದ್ದ ಗೋಪೀನಾಥ ತಲೆಯೆತ್ತಲಿಲ್ಲ. ಎತ್ತಿದಾಗ ಪ್ಲಾಸ್ಟಿಕ್ ಕುರ್ಚಿಗಳು ಬಂದಿದ್ದವು. ಮೂಲೆ ಮನೆಯ ಸೋಮಲಿಂಗಪ್ಪನವರು ಸೇವಂತಿಗೆ ಹಾರ ಹಿಡಿದು ನಿಂತಿದ್ದರು. ಬೆಂಕಿ ಕುಗ್ಗಿದ್ದನ್ನು ಕಂಡು ಹಾರವನ್ನು ತೋಳಿಗೆ ಸಿಕ್ಕಿಸಿಕೊಂಡು ಅವರು ಒಂದು ಕೊರಡು ಎತ್ತಿದರು.

ಗೋಪೀನಾಥ ಹಾರಿ ಅದನ್ನು ತಬ್ಬಿಕೊಂಡ. "ಸುಡಬೇಡಿ ಸಾರ್, ದಮ್ಮಯ್ಯ."

"ಸಮಾಧಾನ ಮಾಡ್ಕೊಳಿ ಗೋಪೀನಾಥ್. ಎಷ್ಟು ದಿನ ಅಂತ ಇಟ್ಕೊಳೋಕಾಗುತ್ತೆ?"

"ಒಂದು ವರ್ಷ ಇಡ್ತೀನಿ ಸಾರ್, ನೆರಳಲ್ಲಿ. ಏನೂ ಆಗಲ್ಲ."

ಸೋಮಲಿಂಗಪ್ಪ ಸಂಪತ್ ಕಡೆ ತಿರುಗಿದರು. "ದುಃಖ ತಲೆಗೆ ಹತ್ತಿದೆ ಪಾಪ. ಸ್ವಲ್ಪ ನೀರು ಕೊಡಪ್ಪ."

ಅಷ್ಟರಲ್ಲಿ, ಅಳುತ್ತ ಒಳಗೆ ಹೋಗಿದ್ದ ಪಕ್ಕದ ಮನೆ ಚಿಕ್ಕಗಂಗಮ್ಮ ಬಾಯಿ ಮುಚ್ಚಿಕೊಂಡು ಹೊರಗೆ ಬಂದಳು. ಅವಳ ಹಿಂದೆಯೇ ಸೀತಮ್ಮನವರು, ಸೆರಗು ಸರಿಮಾಡಿಕೊಳ್ಳುತ್ತ. ಬೆಂಕಿ ನೋಡಿದರು, ಜನ ನೋಡಿದರು.

"ಯಾರು ಹೋದ್ರೋ ಗೋಪಿ? ನನ್ನ ಎಬ್ಬಿಸಬಾರ್ದಿತ್ತಾ?"

ಸೋಮಲಿಂಗಪ್ಪ ಹಾರವನ್ನು ಬೆನ್ನ ಹಿಂದೆ ಸರಿಸಿದರು. ಅದು ಎರಡೂ ಕಡೆಯಿಂದ ಕಾಣುತ್ತಿತ್ತು.

"ನೀವೇ ಅಂದ್ಕೊಂಡ್ವಿ ಆಂಟಿ," ಎಂದ ಸಂಪತ್.

ಸೀತಮ್ಮ ಒಂದು ಕುರ್ಚಿ ಎಳೆದುಕೊಂಡು ಕೂತು, ಬೀದಿಯ ಉದ್ದಕ್ಕೂ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ಇಷ್ಟು ಜನ ಬರ್ತೀರಾ ನನಗೆ?" ಎಂದರು, ಮೆಲ್ಲಗೆ. ಆಮೇಲೆ ಮಗನಿಗೆ, "ಎಲ್ಲರಿಗೂ ಕಾಫಿ ಮಾಡೋ. ಆ ಮೇಣದ ಪಾತ್ರೇಲಲ್ಲ."

ಕಾಫಿ ಮುಗಿಯುವ ಮೊದಲೇ ಅಪೂರ್ವಳ ಅತ್ತೆಯ ಫೋನ್ ಬಂತು. ಸಂಪತ್ ಅವರಿಗೂ ಸುದ್ದಿ ಮುಟ್ಟಿಸಿ, ಆಮೇಲೆ ಅದು ಸುಳ್ಳೆಂದೂ, ಕೊರಡು ಮಗುವಿನ ಗಿಲಕಿಗೆಂದೂ ವಿವರವಾಗಿ ತಿಳಿಸಿದ್ದ.

"ನಿಮ್ಮ ತಾಯಿ ಚೆನ್ನಾಗಿರೋದು ತುಂಬಾ ಸಂತೋಷ ಬೀಗರೇ. ಆದ್ರೆ ಆ ಸೌದೇಲಿ ಮಗುಗೆ ಏನೂ ಮಾಡ್ಬೇಡಿ. ಸಾವಿನ ಬೆಂಕಿ ಮುಂದೆ ಇದ್ದಿದ್ದು."

"ಸಾವೇ ಆಗಿಲ್ವಲ್ಲಮ್ಮ."

"ಹಾರ ಬಂದಿತ್ತಲ್ಲ," ಎಂದು ಅವರು ಫೋನ್ ಇಟ್ಟರು.

ಜನ ಹೋದರು. ಕೊರಡುಗಳು ತುದಿಗೆ ಮೇಣ ಮೆತ್ತಿಕೊಂಡು, ಒಂದು ಗೆರೆಯಷ್ಟೂ ಬಿರಿಯದೆ ಹೊಳೆಯುತ್ತಿದ್ದವು. ಗೋಪೀನಾಥ ಒಂದನ್ನು ಹೆಗಲಿಗೇರಿಸಿದ.

"ಎಲ್ಲಿಗೋ?" ಎಂದರು ತಾಯಿ.

"ಯಾರಿಗಾದ್ರೂ ಕೊಟ್ಬಿಡ್ತೀನಮ್ಮ."

"ಕೊಡಬೇಡ. ನನ್ನ ಹೆಸರಲ್ಲಿ ಬಂದಿರೋ ಸೌದೆ, ನನಗೇ ಇರಲಿ. ನೆರಳಲ್ಲಿಟ್ಟು ಚೆನ್ನಾಗಿ ಒಣಗಿಸು, ಅವಸರ ಏನಿಲ್ಲ." ಅವರು ಬಗ್ಗಿ ಮೇಣವನ್ನು ಬೆರಳಿಂದ ಸವರಿ ನೋಡಿದರು. "ಒಡೆಯಲ್ಲ ತಾನೆ?"

"ಒಡೆಯಲ್ಲಮ್ಮ," ಎಂದ ಗೋಪೀನಾಥ.