ತಿಜೋರಿ ಮಾವನ ಮಂಗಳವಾರ

ನಮ್ಮ ಸೋದರಮಾವನಿಂದ ಒಂದು ರೂಪಾಯಿ ಸಾಲ ಪಡೆದವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಅವನು ಸಾಲ ಕೊಡುವುದಿಲ್ಲ ಅಂದ ಎಂದು ದೂರುವವರೂ ಯಾರೂ ಇಲ್ಲ! ಇದು ಹೇಗೆ ಸಾಧ್ಯ ಅಂತೀರಾ? ಕೂಡ್ಲಿಗಿಯಿಂದ ಹಡಗಲಿಯವರೆಗೆ ಹರಡಿಕೊಂಡ ನಮ್ಮ ಬಂಧುಬಳಗವೆಲ್ಲ ಒಂದಲ್ಲ ಒಂದು ಸಲ ಕೊಟ್ಟೂರಿನ ಆ ಮನೆಯ ಪಡಸಾಲೆಯಲ್ಲಿ ಕೂತು, ಚಹಾ ಕುಡಿದು, ಬರಿಗೈಯಲ್ಲಿ ಎದ್ದು ಬಂದದ್ದೇ. ಬರುವಾಗ ಮಾತ್ರ ಎಲ್ಲರ ಮುಖದಲ್ಲೂ ಇವತ್ತಲ್ಲ ನಾಳೆ ಕೊಟ್ಟೇ ಕೊಡುತ್ತಾನೆ ಎಂಬ ಕಳೆ. ಮಾವನ ಹೆಸರು ನಾನು ಹೇಳುವುದಿಲ್ಲ. ಯಾಕೆ ಅನ್ನುವುದು ಕೊನೆಗೆ ನಿಮಗೇ ತಿಳಿಯುತ್ತದೆ.

ಎಲ್ಲಕ್ಕೂ ಮೂಲ ಆ ತಿಜೋರಿ. ಮಾವ ಇಪ್ಪತ್ತೆರಡು ವರ್ಷ ಒಂದು ಶೇಂಗಾ ಮಂಡಿಯಲ್ಲಿ ಗುಮಾಸ್ತನಾಗಿದ್ದ. ಮಂಡಿ ಮುಚ್ಚಿದ ವಾರ ಅಲ್ಲಿನ ಆಳೆತ್ತರದ ಕಬ್ಬಿಣದ ತಿಜೋರಿ ಎತ್ತಿನ ಗಾಡಿಯ ಮೇಲೆ ಕೂತು, ಆರು ಜನ ಹಮಾಲರ ಸಮೇತ, ಹಾಡುಹಗಲೇ ಬಜಾರದಲ್ಲಿ ಹಾದು ಮಾವನ ಮನೆ ಸೇರಿತು. ಬಾಗಿಲ ಚೌಕಟ್ಟು ಕಿತ್ತು ಒಳಗೆ ತರಬೇಕಾಯಿತು. ಊರು ಇನ್ನೇನು ತಿಳಿಯಬೇಕು? ತಿಜೋರಿ ತಂದವನು ಅದರಲ್ಲಿ ಇಡುವುದಕ್ಕೂ ಏನಾದರೂ ತಂದೇ ಇರುತ್ತಾನೆ ಅಂತ ತಿಳಿಯಿತು. ಹರಪನಹಳ್ಳಿಯ ಬೀಗರು ಮಾವನ ಒಬ್ಬಳೇ ಮಗಳನ್ನು ನೋಡಲು ಬಂದಾಗ ಹುಡುಗಿಗಿಂತ ಹೆಚ್ಚು ಹೊತ್ತು ತಿಜೋರಿಯನ್ನೇ ನೋಡಿದರಂತೆ. ವರದಕ್ಷಿಣೆಯ ಮಾತೇ ಎತ್ತಲಿಲ್ಲ. ಒಬ್ಬಳೇ ಮಗಳು, ಎಲ್ಲ ಎಲ್ಲಿಗೆ ಹೋದೀತು ಎಂಬುದು ಅವರ ಲೆಕ್ಕ.

ಸಾಲಕ್ಕೆ ಬಂದವರನ್ನು ಮಾವ ದೂರದಿಂದಲೇ ಗುರುತಿಸುತ್ತಿದ್ದ. ಅವರ ಕೈಯಲ್ಲಿರುವ ಬಾಳೆಹಣ್ಣೇ ಗುರುತು! ಅರ್ಧ ಡಜನ್ ತಂದರೆ ಸಾವಿರ, ಒಂದು ಡಜನ್ ತಂದರೆ ಐದು ಸಾವಿರ, ಹಣ್ಣಿನ ಜೊತೆ ಹೆಂಡತಿಯನ್ನೂ ಕರೆತಂದರೆ ಹತ್ತಕ್ಕೆ ಕಡಿಮೆಯಿಲ್ಲ. ಬಂದವರೇನು ಸಾಮಾನ್ಯರೇ? ಮಳೆ ಬೆಳೆ, ಶೇಂಗಾದ ಧಾರಣೆ, ಯಾರದೋ ಮೊಣಕಾಲು ನೋವು ಎಲ್ಲ ಮಾತಾಡಿ ಮುಗಿಸಿ, ಎದ್ದು, ಒಂದು ಕಾಲನ್ನು ಚಪ್ಪಲಿಯೊಳಗೆ ತೂರಿಸಿದ ಮೇಲೆಯೇ 'ಒಂದು ಮಾತಿತ್ತು' ಅನ್ನುವುದು ನಮ್ಮ ಕಡೆಯ ರಿವಾಜು. ಮೊದಲೇ ಕೇಳಿದರೆ ಸಾಲಕ್ಕೇ ಬಂದಂತಾಗುತ್ತದಲ್ಲ!

ಹೀಗೇ ಒಂದು ಸಲ ಹಗರಿಬೊಮ್ಮನಹಳ್ಳಿಯಿಂದ ಅತ್ತೆಯ ತಮ್ಮ ಬಂದ. ಹಳೇ ಟೆಂಪೋ ಒಂದು ಮಾರಾಟಕ್ಕಿದೆ, ಹತ್ತು ಸಾವಿರ ಬೇಕು ಅಂದ. ಮಾವ ಸಂತೋಷದಿಂದ ಉಡಿದಾರಕ್ಕೆ ಕಟ್ಟಿದ ಕೀಲಿಗೆ ಕೈ ಹಾಕಿ ಥಟ್ಟನೆ ನಿಲ್ಲಿಸಿದ. "ಇವತ್ತು ಮಂಗಳವಾರ ಅಲ್ಲೇನಪ. ಮಂಗಳವಾರ ಮನಿ ಲಕ್ಷ್ಮೀನ ಹೊರಗ ಕಳಿಸಬಾರದು."

ಇದು ಯಾರೂ ಒಪ್ಪುವ ಮಾತೇ. ಶುಕ್ರವಾರವೂ ಅಷ್ಟೇ. ಸೋಮವಾರ ಬಸವಣ್ಣನ ವಾರ. ಶನಿವಾರ ಕಬ್ಬಿಣದ ವ್ಯವಹಾರ ಒಳ್ಳೆಯದಲ್ಲ, ತಿಜೋರಿಯೋ ಅಪ್ಪಟ ಕಬ್ಬಿಣ! ಆ ವಾರ ಗುರುವಾರ ಅಮಾವಾಸ್ಯೆ ಬಂದಿತ್ತು. ಭಾನುವಾರ ಮಾವ ಊರಲ್ಲಿರಲಿಲ್ಲ. ಮರುದಿನದ ಬುಧವಾರ ಅವನಿಗೇ ಬರಲಾಗಲಿಲ್ಲ. ಮುಂದಿನ ಬುಧವಾರ ಮೊದಲ ಬಸ್ಸಿಗೇ ಬಂದಿಳಿದ ಆ ಪುಣ್ಯಾತ್ಮನಿಗೆ ಮಾವ ಚಹಾ ಕುಡಿಸಿ, ಬುಧವಾರದ ದುಡ್ಡಿನಲ್ಲಿ ಕೊಂಡ ಗಾಡಿಗಳು ಯಾವ್ಯಾವ ತಿರುವಿನಲ್ಲಿ ಪಲ್ಟಿಯಾದವು ಎಂಬುದನ್ನು ಬಲು ಕಾಳಜಿಯಿಂದ ವಿವರಿಸಿದ. ಅವನು ಟೆಂಪೋದ ಆಸೆಯನ್ನೇ ಬಿಟ್ಟ. ಭಾವ ನನ್ನ ಜೀವ ಉಳಿಸಿದ ಅಂತ ಐದು ವರ್ಷ ಹೇಳಿಕೊಂಡು ತಿರುಗಿದ.

ಇನ್ನೊಮ್ಮೆ ಕೂಡ್ಲಿಗಿ ಕಡೆಯ ಮಾಸ್ತರರೊಬ್ಬರು, ಮಾವನ ಜೊತೆ ಓದಿದವರು, ಡಜನ್ ಬಾಳೆಹಣ್ಣು ಹಿಡಿದು ಬಂದರು. ಅವರು ಚಪ್ಪಲಿ ಬಿಡುವ ಮೊದಲೇ ಮಾವ ಎದ್ದು ನಿಂತ. "ದೇವರು ಬಂದಂಗ ಬಂದ್ರಿ ಮಾಸ್ತರ. ಒಂದು ಐನೂರು ರೂಪಾಯಿ ಬೇಕಾಗಿತ್ತು ನೋಡ್ರಿ." ಮಾಸ್ತರರು ಪೇಚಾಡಿ, ಜೇಬು ತಡಕಾಡಿ, ಐವತ್ತು ರೂಪಾಯಿ ಕೊಟ್ಟು, ಬಾಳೆಹಣ್ಣನ್ನೂ ಅಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಅಂತ ಈ ಕಥೆಯನ್ನು ನಾವು ಎಷ್ಟು ಮದುವೆ ಮನೆಗಳಲ್ಲಿ ಹೇಳಿಕೊಂಡು ಹೊಟ್ಟೆ ಹಿಡಿದು ನಕ್ಕಿದ್ದೇವೋ ಲೆಕ್ಕವಿಲ್ಲ.

ಆಮೇಲೆ ನನ್ನ ಸರದಿ ಬಂತು.

ಆಗ ನಾನು ಹಡಗಲಿಯಲ್ಲಿ ಆರು ಟೈಪ್‌ರೈಟರ್ ಇಟ್ಟುಕೊಂಡು ಟೈಪಿಂಗ್ ಕಲಿಸುತ್ತಿದ್ದೆ. ಕಂಪ್ಯೂಟರ್ ಬಂದು, ಕಲಿಯಲು ಬರುವವರು ದಿನೇದಿನೇ ಕಡಿಮೆಯಾಗುತ್ತಿದ್ದರು. ಅವ್ವನ ಹೊಟ್ಟೆಯಲ್ಲಿ ಗಡ್ಡೆ ಇದೆ, ಹದಿನೈದು ದಿನದೊಳಗೆ ಆಪರೇಷನ್ ಆಗಬೇಕು ಅಂದರು ದಾವಣಗೆರೆಯ ಡಾಕ್ಟರು. ಇಪ್ಪತ್ತು ಸಾವಿರ ಬೇಕು. ನನ್ನ ಹತ್ತಿರ ಎಂಟಿತ್ತು. ಅವ್ವ ಮಾವನ ಒಡಹುಟ್ಟಿದ ಅಕ್ಕ, ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳಿಗೆ ಹೇಳದೆ ಕೊಟ್ಟೂರಿನ ಬಸ್ಸು ಹತ್ತಿದೆ. ಬಾಳೆಹಣ್ಣು ಒಯ್ಯಲಿಲ್ಲ. ಚಪ್ಪಲಿ ಮೆಟ್ಟುವ ತನಕ ಕಾಯಲಿಲ್ಲ. ಕೂತವನೇ, ಅವ್ವ ಹೀಗಿದ್ದಾಳೆ, ಹನ್ನೆರಡು ಸಾವಿರ ಬೇಕು ಅಂದೆ.

ಮಾವ ಇವತ್ತು ಯಾವ ವಾರ ಅಂತ ಕೇಳಲಿಲ್ಲ. ಎದ್ದು ಬೀದಿ ಬಾಗಿಲು ಮುಚ್ಚಿದ. ಉಡಿದಾರದಿಂದ ಕೀಲಿ ಬಿಚ್ಚಿ, ಮೊಟ್ಟಮೊದಲ ಬಾರಿಗೆ ನನ್ನೆದುರು ತಿಜೋರಿ ತೆರೆದ. ಮೇಲಿನ ಖಾನೆಯಲ್ಲಿ ಒಂದು ಲಕ್ಷ್ಮಿಯ ಪಟ, ಅದರ ಮುಂದೆ ಒಂದು ಅರಿಶಿನದ ಕೊಂಬು. ಕೆಳಗಿನ ಖಾನೆಯಲ್ಲಿ ಅರ್ಧ ಚೀಲ ಜೋಳ.

"ಹೊರಗಿಟ್ರ ಇಲಿ ಕಾಟ," ಅಂದ. "ಇಷ್ಟ ನೋಡಪ ಇರೋದು. ರೊಕ್ಕ ಯಾವತ್ತೂ ಇರಲಿಲ್ಲ."

ನಾನು ನಂಬಲಿಲ್ಲ. ಹೇಗೆ ನಂಬಲಿ ಹೇಳಿ? ಏಳು ವಾರಕ್ಕೆ ಏಳು ನೆಪ ಹೊಂದಿಸಿಟ್ಟುಕೊಂಡ ಮನುಷ್ಯ! ನಾನು ಬರುವ ಸುಳಿವು ಸಿಕ್ಕು ದುಡ್ಡನ್ನೆಲ್ಲ ಬ್ಯಾಂಕಿಗೆ ಸಾಗಿಸಿದ್ದಾನೆ, ಇದು ಅವನ ಆಟಗಳಲ್ಲೆಲ್ಲ ದೊಡ್ಡ ಆಟ ಅಂದುಕೊಂಡೆ.

"ಅಕ್ಕನ ಜೀವದ ಜೋಡಿನೂ ಆಟ ಆಡ್ತೀಯಲ್ಲ ಮಾವ," ಅಂದೆ.

ಅವನು ಜೋಳವನ್ನು ಒಂದು ಕೈಚೀಲಕ್ಕೆ ಸುರಿದು ನನ್ನ ಕಡೆ ಚಾಚಿದ. ಅದನ್ನು ಮುಟ್ಟದೆ ಎದ್ದು ಬಂದೆ.

ಮನೆಗೆ ಬಂದು, ನಿನ್ನ ತಮ್ಮನಂಥ ತಮ್ಮ ವೈರಿಗೂ ಬೇಡ ಅಂತ ಅವ್ವನ ಮುಂದೆ ಕೂಗಾಡಿದೆ. ಆ ನೋವಿನಲ್ಲೂ ಅವಳು ಎದ್ದು ಕೂತಳು. ನಿನ್ನನ್ನು ಅಲ್ಲಿಗೆ ಹೋಗು ಅಂದವರು ಯಾರು ಅಂತ ಬೈದಳು. ಆ ತಿಜೋರಿ ಮಾವನ ಎರಡು ವರ್ಷದ ಪಗಾರವಂತೆ! ಮಂಡಿ ಮುಚ್ಚುವಾಗ ಸಾಹುಕಾರರು, ಕೊಡಲಿಕ್ಕೆ ರೊಕ್ಕವಿಲ್ಲ, ಇದನ್ನೇ ಒಯ್ಯಿ ಅಂತ ಹೊರಿಸಿ ಕಳಿಸಿದ್ದರು. ಮಾರಿಬಿಡಬೇಕು ಅನ್ನುವಷ್ಟರಲ್ಲಿ ಬೀಗರು ಬಂದು ಅದನ್ನು ನೋಡಿ ಮಗಳನ್ನು ಒಪ್ಪಿಕೊಂಡು ಹೋದರು. ಆಮೇಲೆ ಅದನ್ನು ಮಾರುವ ಹಾಗೂ ಇಲ್ಲ, ತೆರೆಯುವ ಹಾಗೂ ಇಲ್ಲ.

"ಅದು ಖಾಲಿ ಐತಿ ಅಂತ ಅವರಿಗೆ ಗೊತ್ತಾದ ದಿನ ಆ ಹುಡುಗಿ ತವರಿಗೆ ಬಂದು ಬೀಳ್ತಾಳ," ಅಂದಳು ಅವ್ವ. "ಅವನು ಜಿಪುಣ ಅಂತ ಹೆಸರು ಹೊತ್ಕೊಂಡು ಆಕಿ ಸಂಸಾರ ಕಾಯ್ತಾ ಅದಾನ. ನೀನೂ ಬಾಯಿ ಬಿಡಬ್ಯಾಡ."

ಮಾಸ್ತರರ ಐವತ್ತು ರೂಪಾಯಿ ನೆನಪಾಯಿತು. ಮಾವನಿಗೆ ಅವತ್ತು ನಿಜವಾಗಿಯೂ ಐನೂರು ಬೇಕಾಗಿತ್ತು. ನಾವು ಹೊಟ್ಟೆ ಹಿಡಿದು ನಕ್ಕಿದ್ದೆವು.

ಆರೂ ಟೈಪ್‌ರೈಟರ್ ಮಾರಿದೆ. ಉಳಿದದ್ದಕ್ಕೆ ಬಡ್ಡಿಯವರ ಹತ್ತಿರ ಹೋದೆ. ಹದಿನೈದು ದಿನದ ಗಡುವು ಒಂದು ತಿಂಗಳ ಮೇಲೆ ಹೋಯಿತು. ಡಾಕ್ಟರು ಹೊಟ್ಟೆ ತೆರೆದು ನೋಡಿ ಹಾಗೇ ಹೊಲಿದರು. ಕೈಮೀರಿದೆ, ಮನೆಗೆ ಕರೆದುಕೊಂಡು ಹೋಗಿ ಅನ್ನುವುದಕ್ಕೆ ಅವರು ಇನ್ನೂ ಒಂದು ವಾರ ತೆಗೆದುಕೊಂಡರು.

ಆ ವಾರವೆಲ್ಲ ಮಾವ ದಿನವೂ ಕೊಟ್ಟೂರಿನಿಂದ ಬಸ್ಸಿನಲ್ಲಿ ದಾವಣಗೆರೆಗೆ ಬಂದ. ಸ್ಟೀಲ್ ಡಬ್ಬಿಯಲ್ಲಿ ಜೋಳದ ಅಂಬಲಿ. ನಾನು ಬಿಟ್ಟು ಬಂದಿದ್ದ ಅದೇ ಜೋಳ. ಯಾರು ಕುಡಿಸಿದರೂ ಬಾಯಿ ತೆರೆಯದ ಅವ್ವ ಅವನ ಕೈಯಲ್ಲಿ ನಾಲ್ಕು ಚಮಚ ಕುಡಿಯುತ್ತಿದ್ದಳು. ಒಂದು ದಿನ ಅವನು ಅಂಗಿಯ ಒಳಜೇಬಿನಿಂದ ಐದು ನೂರರ ನೋಟು ತೆಗೆದು ಅವಳ ದಿಂಬಿನ ಕೆಳಗೆ ಇಟ್ಟ. ಅವ್ವ ನೋಡಿದಳು. ಎಲ್ಲಿಂದ ಬಂತು ಅಂತ ಕೇಳಿದಳು.

"ತಿಜೋರಿ ಗುಜರಿಯವಗ ಮಾತಾಡೀನಿ ಅಕ್ಕ. ಮುಂಗಡ ಕೊಟ್ಟಾನ."

ಅವ್ವ ಆ ನೋಟುಗಳನ್ನು ತೆಗೆದು ಅವನ ಮುಷ್ಟಿಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

"ಇವತ್ತು ಮಂಗಳವಾರ ಅಲ್ಲೇನಪ," ಅಂದಳು. "ಮಂಗಳವಾರ ಮನಿ ಲಕ್ಷ್ಮೀನ ಹೊರಗ ಕಳಿಸ್ತಾರೇನು? ಒಯ್ದು ತಿರುಗಿ ಕೊಡು."

ಮಾವ ಮಂಚದ ಕಬ್ಬಿಣಕ್ಕೆ ಹಣೆ ಹಚ್ಚಿ ಅತ್ತ. ಅವ್ವ ಅವನ ತಲೆ ಸವರುತ್ತ ಮಲಗಿದ್ದಳು. ಮುಂದಿನ ಮಂಗಳವಾರಕ್ಕೆ ಅವಳು ಇರಲಿಲ್ಲ.

ನಾನು ಆಡಿದ ಆ ಮಾತಿಗೆ ಕ್ಷಮೆ ಕೇಳಬೇಕೆಂದು ಆಮೇಲೆ ಎಷ್ಟೋ ಸಲ ಮಾವನ ಮನೆಗೆ ಹೋದೆ. ಚಹಾ ಕುಡಿದು, ಎದ್ದು, ಒಂದು ಕಾಲನ್ನು ಚಪ್ಪಲಿಯಲ್ಲಿ ತೂರಿಸಿ 'ಒಂದು ಮಾತಿತ್ತು ಮಾವ' ಅನ್ನುವವರೆಗೆ ಬರುತ್ತಿದ್ದೆ. ಮುಂದಿನದನ್ನು ಆಡದೆ ಇನ್ನೊಂದು ಕಾಲಿನ ಚಪ್ಪಲಿ ಹುಡುಕುತ್ತಿದ್ದೆ. ಇರಲಿ ಹೋಗಪ, ಬಸ್ಸು ತಪ್ಪೀತು ಅಂತ ಅವನೇ ಕಳಿಸಿಬಿಡುತ್ತಿದ್ದ. ಅದರಲ್ಲೂ ಅವನದು ಎತ್ತಿದ ಕೈ!

ಏಳು ವರ್ಷದ ಮೇಲೆ ಮಾವನೂ ಹೋದ. ಹನ್ನೊಂದನೇ ದಿನ ಬೀಗರ ಎದುರು ತಿಜೋರಿ ತೆರೆಯುವುದು ಅಂತ ಮಾತಾಗಿತ್ತು. ಅವರು ಬರುವುದು ಮಧ್ಯಾಹ್ನದ ಬಸ್ಸಿಗೆ. ನಾನು ಬೆಳಿಗ್ಗೆಯೇ ಹೋದೆ. ಅತ್ತೆಯನ್ನು ಕೀಲಿ ಕೇಳಿದೆ. ಯಾಕೆ ಅಂತ ಆಕೆ ಕೇಳಲಿಲ್ಲ, ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಜೋಳದ ಚೀಲವನ್ನು ಅಡುಗೆಮನೆಗೆ ಸಾಗಿಸಿದೆವು. ಆಗ ನನ್ನ ಟೈಪಿಂಗ್ ಹೋಗಿ ಕಂಪ್ಯೂಟರ್ ಬಂದಿತ್ತು, ಕೈಯಲ್ಲಿ ನಾಲ್ಕು ಕಾಸು ಆಡುತ್ತಿತ್ತು. ಅವತ್ತು ನಾನು ಮಾವನನ್ನು ಕೇಳಿದ್ದೆಷ್ಟೋ ಅಷ್ಟನ್ನು, ಹನ್ನೆರಡು ಸಾವಿರವನ್ನು, ಲಕ್ಷ್ಮಿಯ ಪಟದ ಮುಂದೆ ಇಟ್ಟು ಬಾಗಿಲು ಹಾಕಿದೆ. ಅಂದು ಮಂಗಳವಾರವೇ ಆಗಿತ್ತು. ಹೊರಗೆ ಕಳಿಸಬಾರದು ಅಷ್ಟೇ, ಒಳಗೆ ಬರುವುದಕ್ಕೆ ಯಾವ ವಾರದ ಅಡ್ಡಿಯೂ ಇಲ್ಲವಲ್ಲ.

ಮಧ್ಯಾಹ್ನ ಬೀಗರು ಬಂದರು. ತಿಜೋರಿ ತೆರೆದರು. ಎರಡೆರಡು ಸಲ ಎಣಿಸಿದರು. ಇಷ್ಟು ದೊಡ್ಡ ತಿಜೋರಿಗೆ ಇಷ್ಟೇ ಏನು ಎಂಬ ಸಪ್ಪೆ ಮುಖ ಹೊತ್ತು, ನೋಟುಗಳನ್ನು ಸೊಸೆಯ ಕೈಗೆ ಕೊಟ್ಟು ನನ್ನ ಕಡೆ ತಿರುಗಿದರು.

"ಇಷ್ಟು ಇಟ್ಕೊಂಡು ಸ್ವಂತ ಅಕ್ಕನ ಆಪರೇಷನ್‌ಗೂ ಕೊಡಲಿಲ್ಲೇನ್ರಿ?"

ಒಲೆಯ ಮುಂದೆ ಕೂತಿದ್ದ ಅತ್ತೆ ನನ್ನ ಬಾಯನ್ನೇ ನೋಡುತ್ತಿದ್ದಳು.

"ಇಲ್ರಿ," ಅಂದೆ. "ಕೊಡಲಿಲ್ಲ. ನಮ್ಮ ಮಾವ ಬಲು ಜಿಪುಣ."